ದಲ್ಲಾಳಿ ಕೊಂಡ ಬ್ಯಾಟರಿ ಗಾಡಿ

ಹಿರೇಗುಡ್ಡದಲ್ಲಿ ದ್ಯಾಮಣ್ಣ ಎಂಬ ಎತ್ತಿನ ದಲ್ಲಾಳಿ ಇದ್ದ. ನಲವತ್ತು ವರ್ಷ ದನದ ಸಂತೆಯಲ್ಲಿ ಕಳೆದವನು. ಮುದಿ ಎತ್ತಿನ ಕೋಡು ಹೆರೆದು, ಎಣ್ಣೆ ಸವರಿ, ಪ್ರಾಯದ್ದೆಂದು ನಿಲ್ಲಿಸಿದರೆ ಹತ್ತು ಮಾರು ದೂರದಿಂದಲೇ ಗುರುತಿಸುತ್ತಿದ್ದ. ಬಡಕಲು ಎತ್ತಿಗೆ ಉಪ್ಪು ತಿನ್ನಿಸಿ, ನೀರು ಕುಡಿಸಿ, ಹೊಟ್ಟೆ ಉಬ್ಬಿಸಿ ತಂದರೆ ಅದರ ಪಕ್ಕೆಗೆ ಒಂದು ಬೆರಳು ಒತ್ತಿ ಸುಮ್ಮನೆ ಮುಂದೆ ಹೋಗುತ್ತಿದ್ದ. ಅವನ ಕಣ್ಣಿಗೆ ಬೀಳದ ದೋಷವಿಲ್ಲ ಎಂದು ಸುತ್ತಲಿನ ಊರುಗಳಲ್ಲಿ ಮಾತಿತ್ತು. ಕೊಳ್ಳುವಾಗ ಅವನು ಒಂದು ಪರೀಕ್ಷೆಯನ್ನು ಎಂದೂ ಬಿಟ್ಟವನಲ್ಲ. ಚಕ್ಕಡಿಯ ಮೇಲೆ ಕಲ್ಲು ಹೇರಿಸುತ್ತಿದ್ದ. ಗಾಲಿಗಳು ಉರುಳದಂತೆ ಹಗ್ಗ ಬಿಗಿಸುತ್ತಿದ್ದ. ಆಮೇಲೆ ಎತ್ತು ಹೂಡಿ ಎಳೆಸುತ್ತಿದ್ದ. ಎಳೆದರೆ ಎತ್ತು, ಇಲ್ಲದಿದ್ದರೆ ಬರೀ ತೊಗಲು.

ಇಂಥವನು ಒಂದು ವರ್ಷ ಬ್ಯಾಟರಿ ಗಾಡಿ ಕೊಂಡ. ತನಗಲ್ಲ, ಊರಿಗೆ.

ಹಿರೇಗುಡ್ಡ ಇರುವುದು ಗುಡ್ಡದ ತಲೆಯ ಮೇಲೆ. ಅಲ್ಲಿಂದ ತಾಲ್ಲೂಕಿನ ಆಸ್ಪತ್ರೆಗೆ ನಲವತ್ತೇಳು ಕಿಲೋಮೀಟರ್. ಊರಿನ ಮೂವರಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ಸೋಮವಾರ, ಗುರುವಾರ, ವಾರಕ್ಕೆರಡು ಸಲ ಅವರು ಡಯಾಲಿಸಿಸ್‌ಗೆ ಹೋಗಲೇಬೇಕು. ಹೋಗದಿದ್ದರೆ ಮೈಗೆ ನೀರು ತುಂಬಿ, ಉಸಿರು ಕಟ್ಟಿ ಸಾಯುತ್ತಾರೆ. ಆ ಮೂವರಲ್ಲಿ ಒಬ್ಬಳು ದ್ಯಾಮಣ್ಣನ ಅಕ್ಕ ನೀಲವ್ವ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಅವರು ಹೋಗುತ್ತಿದ್ದುದು ಯಮನೂರಿ ಎಂಬವನ ಡೀಸೆಲ್ ಜೀಪಿನಲ್ಲಿ. ಆ ಜೀಪು ಹೊಗೆಯನ್ನು ಹಿಂದಕ್ಕೆ ಬಿಡುವುದರ ಜೊತೆಗೆ ಒಳಕ್ಕೂ ಬಿಡುತ್ತಿತ್ತು. ನೀಲವ್ವ ಪ್ರತಿ ಸಲವೂ ದಾರಿಯಲ್ಲಿ ಎರಡು ಕಡೆ ಇಳಿದು ವಾಂತಿ ಮಾಡಿಕೊಳ್ಳುತ್ತಿದ್ದಳು. ಇದನ್ನು ನೋಡಿ ಊರಿನ ಹಾಲಿನ ಸಂಘದವರು ಆ ವರ್ಷದ ಲಾಭವನ್ನು ಹಂಚಿಕೊಳ್ಳದೆ ರೋಗಿಗಳಿಗೊಂದು ಗಾಡಿ ತರುವುದೆಂದು ತೀರ್ಮಾನಿಸಿದರು. ಒಳ್ಳೆಯ ಜನ. ಒಳ್ಳೆಯ ತೀರ್ಮಾನ. ಕೆಟ್ಟದ್ದು ಶುರುವಾದದ್ದು ಆಮೇಲೆ.

ಬ್ಯಾಟರಿ ಗಾಡಿ ತರುತ್ತಾರೆಂಬ ಸುದ್ದಿ ಕೇಳಿ ಯಮನೂರಿ ಕಟ್ಟೆಯ ಮೇಲೆ ಕೂತು ದಿನವೂ ಭಾಷಣ ಮಾಡಿದ.

“ಬ್ಯಾಟರಿ ಗಾಡಿ ಅಂದ್ರ ಬಾಂಬಿನ ಮ್ಯಾಲ ಕುಂತಂಗ. ಮಳಿ ಬಂದ್ರ ಶಾಕ್ ಹೊಡೀತೈತಿ. ಗುಡುಗಿದ್ರ ಸಿಡಿಲು ಅದನ್ನ ಹುಡಿಕ್ಕೊಂಡು ಬರ್ತೈತಿ. ಏರು ಹತ್ತಂಗಿಲ್ಲ. ಪಕ್ಕದಾಗ ಕುಂತ ಬಸುರಿಗೆ ಆಗಂಗಿಲ್ಲ.”

ಜನ ನಕ್ಕರು. ಈ ಐದು ಮಾತುಗಳಲ್ಲಿ ನಾಲ್ಕು ಸುಳ್ಳು, ಒಂದು ಅರ್ಧ ನಿಜ. ಸುಳ್ಳಿನ ಜೊತೆಗೆ ಆ ನಿಜವೂ ನಗೆಯಲ್ಲಿ ಹೋಯಿತು. ತನ್ನ ಹೊಟ್ಟೆಪಾಡಿಗಾಗಿ ನಾಲ್ಕು ಸುಳ್ಳು ಹೇಳುವವನು ಐದನೆಯ ಮಾತನ್ನೂ ಕೊಲ್ಲುತ್ತಾನೆ. ಯಮನೂರಿ ಮಾಡಿದ್ದು ಅದೇ.

ಸಂಘದ ಅಧ್ಯಕ್ಷ ಚನ್ನವೀರಪ್ಪ ದ್ಯಾಮಣ್ಣನ ಮನೆಗೆ ಬಂದ.

“ದ್ಯಾಮಣ್ಣಾ, ಗಾಡಿ ನೋಡಾಕ ನೀ ಬರಬೇಕಪಾ. ಎತ್ತಿನ ಹೊಟ್ಟಿಯೊಳಗ ಏನೈತಿ ಅಂತ ಹೇಳಾಂವ, ಗಾಡಿ ಹೊಟ್ಟಿಯೊಳಗ ಏನೈತಿ ಅಂತ ಹೇಳಂಗಿಲ್ಲೇನು?”

ಇಬ್ಬರೂ ಜಿಲ್ಲಾ ಪಟ್ಟಣದ ಷೋರೂಮಿಗೆ ಹೋದರು. ಗಾಜಿನ ಮನೆ, ತಣ್ಣನೆಯ ಗಾಳಿ, ಕಾಲಿಟ್ಟರೆ ಜಾರುವ ನೆಲ. ಇಸ್ತ್ರಿ ಮಾಡಿದ ಅಂಗಿಯ ಮ್ಯಾನೇಜರ್ ಬಂದು ಕೈಮುಗಿದ. ಇಬ್ಬರಿಗೂ ತಂಪು ಬಾದಾಮಿ ಹಾಲು ತರಿಸಿದ.

“ಒಂದು ಸಲ ಚಾರ್ಜ್ ಮಾಡಿದ್ರೆ ನೂರ ಅರವತ್ತು ಕಿಲೋಮೀಟರ್, ಸರ್. ಹೊಗೆ ಇಲ್ಲ, ಸದ್ದಿಲ್ಲ. ಗೇರ್ ಇಲ್ಲ, ಆಯಿಲ್ ಇಲ್ಲ. ನಿಮ್ಮ ಆಸ್ಪತ್ರೆ ಎಷ್ಟು ದೂರ?”

“ಹೋಗಿ ಬರಾಕ ತೊಂಬತ್ನಾಕು,” ಎಂದ ಚನ್ನವೀರಪ್ಪ.

“ಹಾಗಾದ್ರೆ ಯೋಚನೆಯೇ ಇಲ್ಲ. ಹೋಗಿ ಬಂದು, ಮತ್ತೊಂದು ಸಲ ಆಸ್ಪತ್ರೆ ಮುಟ್ಟಬಹುದು.”

ದ್ಯಾಮಣ್ಣ ಗಾಡಿಯ ಸುತ್ತ ಎರಡು ಸಲ ಬಂದ. ಟೈರಿಗೆ ಕಾಲಿನಿಂದ ಒದ್ದ. ಬಗ್ಗಿ ಅಡಿಗೆ ನೋಡಿದ. ಮುಂದಿನ ಮುಚ್ಚಳ ತೆಗೆಸಿದ. ಒಳಗೆ ಕಪ್ಪು ಡಬ್ಬಿಗಳು, ಕಿತ್ತಳೆ ಬಣ್ಣದ ದಪ್ಪ ತಂತಿಗಳು. ಎಣಿಸಲು ಹಲ್ಲಿಲ್ಲ, ಒತ್ತಿ ನೋಡಲು ಪಕ್ಕೆಯಿಲ್ಲ. ಹೇರು ಹೇರಿ, ಏರು ಹತ್ತಿಸಿ ನೋಡಬೇಕು ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು. ಆದರೆ ಸುತ್ತ ನಿಂತ ಷೋರೂಮಿನ ಹುಡುಗಿಯರು, ಗಾಜಿನಾಚೆ ನಿಂತ ಬೇರೆ ಗಿರಾಕಿಗಳು! ಈ ಮುದುಕ ಗಾಡಿಯನ್ನು ಎತ್ತು ಎಂದುಕೊಂಡಿದ್ದಾನೆ ಎಂದು ನಕ್ಕಾರು ಎನಿಸಿತು. ಅಲ್ಲದೆ ಮ್ಯಾನೇಜರ್ ನೂರ ಅರವತ್ತು ಎಂದು ಅಂಕಿ ಹೇಳಿದ್ದ, ಪುಸ್ತಕದಲ್ಲಿ ಅಚ್ಚಾದದ್ದನ್ನು ಬೆರಳಿಟ್ಟು ತೋರಿಸಿದ್ದ. ಸಂತೆಯಲ್ಲಿ ಯಾರ ಮಾತನ್ನೂ ನಂಬದವನು ಅಚ್ಚಾದ ಅಂಕಿಯನ್ನು ನಂಬಿದ.

ಷೋರೂಮಿನ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದರು. ಗಾಡಿ ನೀರಿನ ಮೇಲೆ ತೇಲಿದಂತೆ ಹೋಯಿತು.

“ಚಲೋ ಐತಿ,” ಎಂದ ದ್ಯಾಮಣ್ಣ.

ಗಾಡಿಗೆ ಹೂವಿನ ಹಾರ ಹಾಕಿದರು. ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಹಾಯಿಸಿದರು. ಆ ದಿನ ಆ ಗಾಡಿಗೆ ಆದ ಪರೀಕ್ಷೆ ಆ ನಾಲ್ಕು ನಿಂಬೆಹಣ್ಣುಗಳದ್ದೊಂದೇ.

ಮೊದಲ ಎರಡು ತಿಂಗಳು ಯಾರೂ ದೂರುವಂತಿರಲಿಲ್ಲ. ಚಳಿಗಾಲ. ಗಾಡಿಯೊಳಗೆ ಎ.ಸಿ. ಬೇಕಾಗುತ್ತಿರಲಿಲ್ಲ. ನೀಲವ್ವ ಹೋಗುವಾಗ ಕಿಟಕಿಯಲ್ಲಿ ಹೊಲ ನೋಡಿಕೊಂಡು ಹೋಗುತ್ತಿದ್ದಳು, ಬರುವಾಗ ನಿದ್ದೆ ಮಾಡುತ್ತಿದ್ದಳು. ಒಂದು ದಿನವೂ ವಾಂತಿ ಆಗಲಿಲ್ಲ.

“ತಮ್ಮಾ, ಇದು ಗಾಡಿ ಅಲ್ಲೋ, ತೊಟ್ಟಿಲು,” ಎನ್ನುತ್ತಿದ್ದಳು.

ತೊಟ್ಟಿಲಿಗೆ ಊರೆಲ್ಲ ಹತ್ತತೊಡಗಿತು. ರೋಗಿಗಳ ಗಾಡಿ ಹೇಗೂ ಹೋಗುತ್ತದಲ್ಲ ಎಂದು ಒಬ್ಬ ಬ್ಯಾಂಕಿಗೆ ಹತ್ತಿದ, ಒಬ್ಬಳು ಸೀರೆಗೆ ಹತ್ತಿದಳು. ಅಧ್ಯಕ್ಷರ ಭಾವಮೈದುನ ವಾರಕ್ಕೆರಡು ಚೀಲ ಈರುಳ್ಳಿ ಸಾಗಿಸಿದ, ಬರುವಾಗ ಎರಡು ಚೀಲ ಹಿಂಡಿ ತಂದ. ಸಂಘದ್ದೆಂದರೆ ಎಲ್ಲರದ್ದು, ಎಲ್ಲರದ್ದೆಂದರೆ ಯಾರೂ ಕೇಳುವಂತಿಲ್ಲ. ಅಕ್ಕನ ಜೊತೆಗೆ ಪ್ರತಿ ಸಲವೂ ಹೋಗುತ್ತಿದ್ದ ದ್ಯಾಮಣ್ಣ ಇದನ್ನೆಲ್ಲ ನೋಡುತ್ತಿದ್ದ. ಊರವರ ಬಾಯಿಗೆ ಯಾಕೆ ಬೀಳಬೇಕೆಂದು ಸುಮ್ಮನಿದ್ದ.

ಏಪ್ರಿಲ್ ತಿಂಗಳ ಒಂದು ಗುರುವಾರ. ಬಿಸಿಲು ಕಾದ ಹೆಂಚಿನಂತೆ ಇತ್ತು. ಮರಳಿ ಬರುವಾಗ ಗಾಡಿಯಲ್ಲಿ ಹನ್ನೊಂದು ಜನ, ಎರಡು ಚೀಲ ಹಿಂಡಿ, ಒಂದು ಹೊಸ ಬೀರು. ಎ.ಸಿ. ಹಾಕಲೇಬೇಕಾಗಿತ್ತು. ಊರಿಗೆ ಹತ್ತುವ ಏರಿನಲ್ಲಿ ಏಳು ತಿರುವುಗಳಿವೆ. ಮೊದಲ ತಿರುವಿನಲ್ಲಿ ಗಾಡಿ ನಿಧಾನವಾಯಿತು. ಎರಡನೆಯದರಲ್ಲಿ ಮುಂದಿನ ಗಾಜಿನ ಹಲಗೆಯ ಮೇಲೆ, ಬ್ಯಾಟರಿಯ ಬಲ ಕುಂದಿದ ಗುರುತಿಗೆ, ಆಮೆಯ ಚಿತ್ರ ಬಂತು. ಮೂರನೆಯದರಲ್ಲಿ ನಿಂತೇಹೋಯಿತು.

“ಯಾಕಪಾ?” ಎಂದ ದ್ಯಾಮಣ್ಣ.

“ಕರೆಂಟ್ ಮುಗೀತ್ರಿ,” ಎಂದ ಚಾಲಕ.

“ನೂರ ಅರವತ್ತು ಅಂದಿದ್ರಲ್ಲೋ?”

“ಎಂಬತ್ನಾಕಕ್ಕ ಮುಗೀತ್ರಿ.”

ಎ.ಸಿ. ನಿಂತ ಗಾಡಿ ಒಲೆಯಾಯಿತು. ಎಲ್ಲರೂ ಇಳಿದರು. ಮರವಿಲ್ಲ, ನೆರಳಿಲ್ಲ. ರಕ್ತ ತೊಳೆಸಿಕೊಂಡು ಬಂದ ಮೂವರು ರಸ್ತೆ ಬದಿಯ ಬಂಡೆಯ ಮೇಲೆ ಕೂತರು. ಉಳಿದವರು ಬಾಟಲಿ ಎತ್ತಿ ಗಟಗಟ ನೀರು ಕುಡಿದರು. ನೀಲವ್ವ ಕುಡಿಯುವಂತಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಚಹಾದ ಲೋಟದಲ್ಲಿ ಅರ್ಧ ನೀರು ಹಾಕಿಸಿಕೊಂಡು, ನಾಲಗೆ ಅದ್ದಿ, ಮತ್ತೆ ಕೆಳಗಿಟ್ಟಳು. ಮತ್ತೆ ನಾಲಗೆ ಅದ್ದಿದಳು. ಒಂದೂವರೆ ತಾಸು. ಕೊನೆಗೆ ಕಬ್ಬಿಣದ ಸರಳು ಹೊತ್ತ ಒಂದು ಟ್ರ್ಯಾಕ್ಟರು ಬಂದು ಗಾಡಿಯನ್ನು ಕಟ್ಟಿ ಎಳೆಯಿತು. ಅಷ್ಟರಲ್ಲಿ ನೀಲವ್ವನಿಗೆ ಎರಡು ಸಲ ಎಚ್ಚರ ತಪ್ಪಿತ್ತು.

ಮನೆಗೆ ಬಂದು ಮಲಗಿದವಳು ಹೇಳಿದಳು:

“ಸೋಮವಾರ ನಾ ಬರಂಗಿಲ್ಲ, ತಮ್ಮಾ.”

“ಬರದಿದ್ರ ಹೆಂಗಕ್ಕಾ? ಸತ್ತು ಹೋಗ್ತೀ.”

“ಸತ್ರ ಹಾಸಿಗಿ ಮ್ಯಾಲ ಸಾಯ್ತೀನಿ. ಆ ಬಂಡಿಗಲ್ಲಿನ ಮ್ಯಾಲ ಕುಂತು ಸಾಯಂಗಿಲ್ಲ.”

“ಯಮನೂರಿ ಜೀಪಿಗೆ ಹೇಳ್ತೀನಿ.”

“ಅದರಾಗ ವಾಂತಿ ಮಾಡ್ಕೋತ ಸಾಯೋದೂ ಬ್ಯಾಡ.”

ಅವಳು ಹಟದ ಹೆಂಗಸಲ್ಲ. ಹಟ ಮಾಡದವಳು ಒಂದು ಮಾತು ಹೇಳಿದರೆ ಅದರಿಂದ ಹಿಂದೆ ಬರುವುದಿಲ್ಲ ಎಂಬುದು ದ್ಯಾಮಣ್ಣನಿಗೆ ಗೊತ್ತಿತ್ತು. ಸೋಮವಾರಕ್ಕೆ ನಾಲ್ಕೇ ದಿನ.

ಮರುದಿನ ಬೆಳಿಗ್ಗೆ ಅವನು ಬಸ್ಸು ಹತ್ತಿ ಷೋರೂಮಿಗೆ ಹೋದ. ಜೀವನದಲ್ಲಿ ಅಷ್ಟು ಸಿಟ್ಟು ಅವನಿಗೆ ಬಂದಿರಲಿಲ್ಲ. ಬಾದಾಮಿ ಹಾಲು ತಂದವನನ್ನು ಕೈಯಲ್ಲೇ ತಡೆದ.

“ನೂರ ಅರವತ್ತು ಅಂದ್ರಿ. ಎಂಬತ್ನಾಕಕ್ಕ ನಿಂತಿತು. ಸುಳ್ಳು ಹೇಳಿ ಮಾರಿದ್ರಿ. ಬ್ಯಾನಿ ಬಿದ್ದ ಮೂರು ಮಂದಿ ಬಿಸಿಲಾಗ ಸಾಯ್ತಿದ್ರು!”

ಮ್ಯಾನೇಜರ್ ಸ್ವಲ್ಪವೂ ಕದಲಲಿಲ್ಲ. ಪುಸ್ತಕ ತೆಗೆದ. ಕೊನೆಯ ಪುಟದ ಕೊನೆಯ ಸಾಲು ತೋರಿಸಿದ. ಇರುವೆಯ ಸಾಲಿನಂಥ ಅಕ್ಷರ.

“ಸುಳ್ಳಲ್ಲ, ಸರ್. ಇಲ್ಲೇ ಇದೆ ನೋಡಿ. ಕಂಪನಿಯ ಪರೀಕ್ಷೆ ಆಗೋದು ಸಪಾಟು ರಸ್ತೆಯಲ್ಲಿ. ಕಡಿಮೆ ಭಾರ, ನಿಧಾನದ ವೇಗ, ಎ.ಸಿ. ಬಂದ್. ಏರು, ಬಿಸಿಲು, ಭಾರ ಎಲ್ಲ ಸೇರಿದ್ರೆ ಅರ್ಧ ಆಗುತ್ತೆ. ಅದು ಎಲ್ಲರಿಗೂ ಗೊತ್ತಿರೋದೇ.”

“ನನಗ ಗೊತ್ತಿರ್ಲಿಲ್ಲ. ನಿಮಗ ಗೊತ್ತಿತ್ತು. ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲವಲ್ಲ, ಸರ್.”

ಆ ಮಾತು ಕೇಳಿ ದ್ಯಾಮಣ್ಣನ ಬಾಯಿ ಮುಚ್ಚಿತು. ಸಿಟ್ಟು ಇಳಿದು ಅಲ್ಲ. ಅದು ಅವನದೇ ಮಾತು.

ಸಂತೆಯಲ್ಲಿ ದಲ್ಲಾಳಿಗಳದ್ದೊಂದು ಕಟ್ಟಳೆಯಿದೆ. ಮಾರುವ ಎತ್ತಿನ ಬಗ್ಗೆ ಸುಳ್ಳು ಹೇಳಬಾರದು, ಆದರೆ ಕೇಳದ ದೋಷ ಹೇಳಬೇಕಾಗಿಲ್ಲ. ಕೇಳಿದರೆ ಹೇಳು, ಕೇಳದಿದ್ದರೆ ಅದು ಕೊಳ್ಳುವವನ ಪಾಲು. ದ್ಯಾಮಣ್ಣ ನಲವತ್ತು ವರ್ಷ ಇದನ್ನು ಪಾಲಿಸಿದವನು. ಬಹಳ ವರ್ಷಗಳ ಹಿಂದೆ ಗಂಡನಿಲ್ಲದ ಒಬ್ಬ ಹೆಂಗಸು ಅವನ ಕೈಯಿಂದ ಒಂದು ಎತ್ತು ಕೊಂಡಿದ್ದಳು. ಹಲ್ಲು ಕೇಳಿದಳು, ಹೇಳಿದ. ಮೈಮೇಲಿನ ಸುಳಿ ಕೇಳಿದಳು, ಹೇಳಿದ. ಅದು ಕೆಸರು ಕಂಡರೆ ಮಲಗುವ ಎತ್ತು. ಅದನ್ನು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಬಿತ್ತುವ ಹದದಲ್ಲಿ ಎತ್ತು ಹೊಲದ ನಡುವೆ ಮಲಗಿತು. ಅವಳ ಹೊಲ ಆ ವರ್ಷ ಬೀಳುಬಿತ್ತು. ಬಾಗಿಲಿಗೆ ಬಂದು ಅತ್ತವಳಿಗೆ ಅವನು ಇದೇ ದನಿಯಲ್ಲಿ ಹೇಳಿದ್ದ, “ನೀ ಕೇಳಲಿಲ್ಲಲ್ಲವ್ವಾ.”

ಆಗ ಅದು ನ್ಯಾಯವಾಗಿ ಕಂಡಿತ್ತು. ಈಗ ಕೇಳಿಸಿಕೊಂಡಾಗ ಅದು ಎಂಥ ನೀಚ ಮಾತೆಂದು ತಿಳಿಯಿತು. ಸುಳ್ಳುಗಾರನಿಗೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ. ಈ ಮಾತಿನವನಿಗೆ ಅದೂ ಇಲ್ಲ. ಮೋಸ ಮಾಡಿ, ಮೋಸ ಹೋದವನದೇ ತಪ್ಪೆಂದು ಹೇಳಿ, ತಣ್ಣಗೆ ಕೂತಿರುತ್ತಾನೆ.

ಅವನು ಸುಮ್ಮನಾದದ್ದನ್ನು ನೋಡಿ ಮ್ಯಾನೇಜರ್ ಕುರ್ಚಿ ಹತ್ತಿರ ಎಳೆದುಕೊಂಡ.

“ಒಂದು ದಾರಿ ಇದೆ, ಸರ್. ಇದಕ್ಕಿಂತ ದೊಡ್ಡ ಬ್ಯಾಟರಿಯ ಗಾಡಿ ಬಂದಿದೆ. ನಿಮ್ಮ ಏರನ್ನು ಎರಡು ಸಲ ಹತ್ತಿ ಇಳಿಯುತ್ತೆ. ನಿಮ್ಮದನ್ನು ವಾಪಸ್ ತಗೊಂಡು ಅದನ್ನೇ ಕೊಡ್ತೀನಿ. ಹೆಚ್ಚಿಗೆ ಏನೂ ಕೊಡಬೇಡಿ.”

“ಯಾಕ?”

“ನಾಳೆ ಬೆಳಿಗ್ಗೆ ಕಲ್ಲಗೇರಿಯವರು ಬರ್ತಾರೆ. ಅವರದು ಹೆಂಗಸರ ಸಂಘ. ಹೆರಿಗೆಗೆ ಕರೆದುಕೊಂಡು ಹೋಗೋಕೆ ಇದೇ ಗಾಡಿ ನೋಡ್ತಿದ್ದಾರೆ. ಈಗಾಗಲೇ ಓಡಿಸ್ತಿರೋ ಊರಿನವರನ್ನ ಕೇಳಬೇಕಂತೆ. ನೀವು ಬನ್ನಿ. ಗಾಡಿ ಚೆನ್ನಾಗಿದೆ ಅನ್ನಿ. ಚೆನ್ನಾಗಿಯೇ ಇದೆಯಲ್ಲ? ಏರಿನ ಮಾತು ಎತ್ತಬೇಡಿ, ಅಷ್ಟೇ. ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ.”

ದ್ಯಾಮಣ್ಣ ಎದ್ದು ಬಸ್ ನಿಲ್ದಾಣಕ್ಕೆ ನಡೆದ. ಬಸ್ಸಿನಲ್ಲಿ ಬರುವಾಗ ಅಕ್ಕನ ಮುಖ ಕಣ್ಣ ಮುಂದೆ ಇತ್ತು. ದೊಡ್ಡ ಗಾಡಿ ಬಂದರೆ ಅವಳು ಏರು ಹತ್ತಿ ಮನೆಗೆ ಬರುತ್ತಾಳೆ, ಬದುಕುತ್ತಾಳೆ. ಅದಕ್ಕೆ ಬೇಕಾದದ್ದು ಒಂದು ಚೂರು ಮೌನ.

ಮನೆಗೆ ಬಂದು ನೀಲವ್ವನಿಗೆ ಹೇಳಿದ. ಅವಳ ಕಾಲುಗಳು ಆಗಲೇ ಬಾತಿದ್ದವು.

“ದೊಡ್ಡ ಗಾಡಿ ಕೊಡ್ತಾರಂತ ಅಕ್ಕಾ. ನಿಲ್ಲಂಗಿಲ್ಲಂತ.”

“ಪುಕ್ಕಟೆ?”

“ಪುಕ್ಕಟೆ.”

“ಸಂತ್ಯಾಗ ಬೆಳದಾಂವ ನೀ. ಪುಕ್ಕಟೆ ಏನರ ಕೊಡೋದು ಕಂಡೀಯೇನು? ಏನು ಕೇಳಿದ್ರು?”

“ಏನಿಲ್ಲ. ಕಲ್ಲಗೇರಿ ಹೆಣ್ಮಕ್ಕಳ ಮುಂದ ಸುಮ್ಮನಿರಬೇಕಂತ.”

ನೀಲವ್ವ ಗೋಡೆಯ ಕಡೆ ತಿರುಗಿದಳು.

“ಹಂಗಾರ ನಿನಗ ಸಸಾರ ಆತು ಬಿಡು,” ಎಂದಳು. “ಸುಮ್ಮನಿರೋದು ನಿನಗೇನು ಹೊಸದಲ್ಲ.”

ಶನಿವಾರ ಬೆಳಿಗ್ಗೆ ಅವನು ಷೋರೂಮಿಗೆ ಹೋದ. ಕಲ್ಲಗೇರಿಯಿಂದ ಐದಾರು ಹೆಂಗಸರು ಬಂದಿದ್ದರು. ಮುಂದಾಳು ಶಾಂತವ್ವ, ಆ ಊರಿನ ಆಶಾ ಕಾರ್ಯಕರ್ತೆ. ಊರಿನ ಬಸುರಿಯರನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸುವವಳು. ಅವರೆದುರು ಬಾದಾಮಿ ಹಾಲಿನ ಲೋಟಗಳಿದ್ದವು.

“ಕಾಕಾ, ಗಾಡಿ ಹೆಂಗೈತ್ರಿ?” ಎಂದಳು ಶಾಂತವ್ವ.

“ಚಲೋ ಐತವ್ವಾ,” ಎಂದ ದ್ಯಾಮಣ್ಣ.

ಮ್ಯಾನೇಜರ್ ನಕ್ಕ. ಕಾಗದ ಮುಂದಿಟ್ಟ. ಶಾಂತವ್ವ ಕನ್ನಡಕ ಹಾಕಿಕೊಂಡು ಪೆನ್ನು ಕೈಗೆ ತೆಗೆದುಕೊಂಡಳು. ಪೆನ್ನಿನ ತುದಿ ಕಾಗದ ಮುಟ್ಟುವುದನ್ನು ದ್ಯಾಮಣ್ಣ ನೋಡಿದ.

“ತಡಿ ಯವ್ವಾ,” ಎಂದ. ದನಿ ತನಗೇ ಗುರುತು ಸಿಗದಷ್ಟು ಗಟ್ಟಿಯಾಗಿ ಬಂತು. “ನೀ ಕೇಳದ್ದನ್ನ ಹೇಳ್ತೀನಿ. ಈ ಗಾಡಿಯೊಳಗ ಹೊಗಿ ಇಲ್ಲ. ಡೀಸೆಲ್ ವಾಸನಿಗೆ ವಾಂತಿ ಮಾಡ್ಕೋತಿದ್ದ ನಮ್ಮಕ್ಕ ಇದರಾಗ ನಿದ್ದಿ ಮಾಡ್ತಾಳ. ಬೆಂಕಿನೂ ಹತ್ತಿಲ್ಲ, ಶಾಕೂ ಹೊಡದಿಲ್ಲ. ಇದು ಖರೇ. ಆದ್ರ ಇದು ನೂರ ಅರವತ್ತು ಓಡಂಗಿಲ್ಲ. ಮಂದಿ ಹೇರಿ, ಬಿಸಿಲಾಗ, ಏರು ಹತ್ತಿಸಿದ್ರ ಎಂಬತ್ನಾಕಕ್ಕ ನಿಲ್ತೈತಿ. ಗುರುವಾರ ಬ್ಯಾನಿ ಬಿದ್ದವರನ್ನ ದಾರಿ ಬದಿ ಬಂಡಿಗಲ್ಲಿನ ಮ್ಯಾಲ ಕುಂಡ್ರಿಸಿ ನಿಂತಿತ್ತು. ನಾಕೈದು ವರ್ಷಕ್ಕ ಬ್ಯಾಟರಿ ಬಲ ಕುಂದಿ ಇನ್ನೂ ಕಡಿಮಿ ಓಡ್ತೈತಂತ. ನಾಳೆ ನಿಮ್ಮ ಬಸುರಿ ನಡುದಾರ್ಯಾಗ ಹಡೀಬಾರದು. ನಿಮ್ಮೂರಿಗೆ ಏರೈತೇನು? ದವಾಖಾನಿ ಎಷ್ಟು ದೂರ? ಎಷ್ಟು ಮಂದಿ ಹತ್ತತೀರಿ? ಇವನ್ನ ಈ ಸಾಹೇಬ ಕೇಳಬೇಕಾಗಿತ್ತು. ಕೇಳಿಲ್ಲ.”

“ಸರ್, ನಿಮಗೆ ಹೊಸ ಗಾಡಿ...” ಎಂದ ಮ್ಯಾನೇಜರ್ ಹಲ್ಲು ಕಚ್ಚಿ.

“ಬ್ಯಾಡ್ರಿ. ನೀವು ಕೊಡೋ ಗಾಡಿ ಈ ಹೆಣ್ಮಕ್ಕಳ ಹೆಣದ ಮ್ಯಾಲ ಓಡಬೇಕಾಗ್ತೈತಿ.”

ಶಾಂತವ್ವ ಪೆನ್ನಿನ ಮುಚ್ಚಳ ಹಾಕಿದಳು. ಅವಳು ಎದ್ದು ಹೋಗುತ್ತಾಳೆಂದು ಎಲ್ಲರೂ ಎಣಿಸಿದರು. ಅವಳು ಹೋಗಲಿಲ್ಲ.

“ನಮ್ಮೂರಿಗೂ ಏರೈತ್ರಿ ಕಾಕಾ. ಆದ್ರ ದವಾಖಾನಿ ಇಪ್ಪತ್ತೆರಡೇ ಕಿಲೋಮೀಟರ್. ಹೋಗಿ ಬರಾಕ ನಲವತ್ನಾಕು. ಇದು ನಮಗ ಸಾಕಾಗ್ತೈತೋ ಇಲ್ಲೋ?”

“ಬಾಯಿಲೆ ಯಾಕ ಹೇಳೋದು? ಹೇರಿ ನೋಡೋಣ ನಡಿ.”

ಷೋರೂಮಿನ ಹಿಂದೆ ಕಟ್ಟಡ ಕೆಲಸದ ಮರಳು ಬಿದ್ದಿತ್ತು. ಎಂಟು ಚೀಲ ತುಂಬಿಸಿದರು. ಗಿರಾಕಿ ಕೈತಪ್ಪುವುದೆಂಬ ಭಯಕ್ಕೆ ಮ್ಯಾನೇಜರ್ ಒಪ್ಪಿದ. ಎ.ಸಿ. ಹಾಕಿಕೊಂಡು, ನಡು ಬಿಸಿಲಿನಲ್ಲಿ, ಕಲ್ಲಗೇರಿಯ ಏರನ್ನೇ ಹತ್ತಿಸಿ ಇಳಿಸಿದರು. ಎಲ್ಲ ಮುಗಿದ ಮೇಲೂ ಬ್ಯಾಟರಿಯಲ್ಲಿ ಇನ್ನೊಂದು ಹೆರಿಗೆಗೆ ಆಗುವಷ್ಟು ಬಲ ಉಳಿದಿತ್ತು. ಶಾಂತವ್ವ ಅದೇ ಗಾಡಿಗೆ ಸಹಿ ಹಾಕಿದಳು.

ಈಗ ಹೇಳಿ, ಮ್ಯಾನೇಜರ್ ಏರಿನ ಮಾತು ಮುಚ್ಚಿಟ್ಟು ಗಳಿಸಿದ್ದೇನು? ನಿಜ ಹೇಳಿದ್ದರೂ ಆ ಗಾಡಿ ಮಾರಾಟವಾಗುತ್ತಿತ್ತು, ಅದು ಸಲ್ಲುವ ಊರಿಗೆ. ಸಲ್ಲದ ಊರಿಗೂ ಮಾರಬೇಕೆಂಬ ಆಸೆ ಇದ್ದುದರಿಂದ ಬಾಯಿ ಮುಚ್ಚಿದ್ದ, ಅಷ್ಟೇ. ವ್ಯಾಪಾರ ಕುದುರಿದರೂ ಅವನು ದ್ಯಾಮಣ್ಣನಿಗೆ ದೊಡ್ಡ ಗಾಡಿ ಕೊಡಲಿಲ್ಲ. ಬೀಳ್ಕೊಡಲು ಬಾಗಿಲಿಗೂ ಬರಲಿಲ್ಲ.

ಭಾನುವಾರ ದ್ಯಾಮಣ್ಣ ಹಾಲಿನ ಸಂಘದ ತಕ್ಕಡಿಯ ಮೇಲೆ ಮರಳಿನ ಚೀಲ ತೂಗಿಸಿದ. ಮೂವರು ರೋಗಿಗಳು, ಒಬ್ಬೊಬ್ಬರಿಗೆ ಒಬ್ಬ ಜೊತೆಗಾರ, ಚಾಲಕ, ಒಟ್ಟು ಏಳು ಜನ. ಬೇರೆ ಯಾರೂ ಇಲ್ಲ, ಯಾರ ಸಾಮಾನೂ ಇಲ್ಲ. ಅಷ್ಟು ಭಾರ ಹೇರಿ, ಎ.ಸಿ. ಹಾಕಿ, ಆಸ್ಪತ್ರೆಯವರೆಗೆ ಹೋಗಿ ಬಂದ. ಆಸ್ಪತ್ರೆಯಲ್ಲಿ ಚಾರ್ಜಿಗೆ ಕೇಳಿದ, ಸರ್ಕಾರಿ ಕರೆಂಟು ಕೊಡಲಾಗದು ಎಂದರು. ಆ ತಾಲ್ಲೂಕಿನ ಊರ ಹೊರಗೆ ಚಾರ್ಜ್ ಮಾಡುವ ಹೊಸ ಕಂಬವೊಂದು ಇತ್ತು. ಅದು ಯಾರೋ ಬಂದು ಉದ್ಘಾಟಿಸಲೆಂದು ಎಂಟು ತಿಂಗಳಿಂದ ಬಟ್ಟೆ ಸುತ್ತಿಕೊಂಡು ನಿಂತಿತ್ತು. ಹಾಗೆಯೇ ಬಂದ. ಏಳು ತಿರುವು ಹತ್ತಿ ಸಂಘದ ಮುಂದೆ ನಿಂತಾಗ ಗಾಡಿ ಇನ್ನೂ ಹನ್ನೊಂದು ಕಿಲೋಮೀಟರ್ ಓಡಬಲ್ಲೆನೆಂದು ತೋರಿಸುತ್ತಿತ್ತು.

ಸಂಜೆ ಸಂಘದ ಮುಂದೆ ಹಾಲು ಹಾಕಲು ಊರೇ ಸೇರಿತ್ತು. ದ್ಯಾಮಣ್ಣ ಕಟ್ಟೆ ಹತ್ತಿದ. ಅವನು ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

“ಆ ಷೋರೂಮಿನಾಂವ ಖರೇ ಮುಚ್ಚಿಟ್ಟ. ಈ ಯಮನೂರಿ ನಾಕು ಸುಳ್ಳಿನಾಗ ಒಂದು ಖರೇ ಮುಳುಗಿಸಿದ. ನೀವು ಈರುಳ್ಳಿ ಹೇರಿದ್ರಿ, ಬೀರು ಹೇರಿದ್ರಿ. ನಾ ಎಲ್ಲಾ ನೋಡಿ ಸುಮ್ಮನ ಕುಂತೆ. ನಾವೆಲ್ಲ ಕೂಡಿ ಮೂರು ಜೀವ ಬಂಡಿಗಲ್ಲಿನ ಮ್ಯಾಲ ಕುಂಡ್ರಿಸಿದ್ವಿ. ನಾಳಿಂದ ಏಳು ಮಂದಿ. ಎಂಟನೇದಾಂವ ಹತ್ತಿದ್ರ ಗಾಡಿ ಹೊಂಡಂಗಿಲ್ಲ.”

“ಹಿಂಗ ನಮ್ಮ ಗಾಡಿ ಮಾನ ನಾವೇ ಕಳೀಬೇಕೇನು, ದ್ಯಾಮಣ್ಣಾ?” ಎಂದ ಚನ್ನವೀರಪ್ಪ. “ನನ್ನ ಭಾವಮೈದುನ ನಾಳೆ ಒಂದ ಚೀಲ...”

“ನಿನ್ನ ಭಾವಮೈದುನನ ಈರುಳ್ಳಿಗೆ ಡಯಾಲಿಸಿಸ್ ಐತೇನು?”

ಹಾಲಿನ ಕ್ಯಾನು ಹಿಡಿದ ಹೆಂಗಸರು ಗೊಳ್ಳೆಂದು ನಕ್ಕರು. ಅಧ್ಯಕ್ಷನೂ ಕೊನೆಗೆ ನಕ್ಕ.

ಮನೆಗೆ ಬಂದು ದ್ಯಾಮಣ್ಣ ಅಕ್ಕನ ಹಾಸಿಗೆಯ ಪಕ್ಕ ಕೂತ.

“ದೊಡ್ಡ ಗಾಡಿ ಬರಂಗಿಲ್ಲ, ಅಕ್ಕಾ. ಬಾಯಿ ಬಿಟ್ಟು ಕಳಕೊಂಡು ಬಂದೆ. ಅದ ಸಣ್ಣ ಗಾಡಿ. ಏಳು ಮಂದಿಗೆ ಮುಟ್ಟಿಸ್ತೈತಿ, ಹನ್ನೊಂದು ಕಿಲೋಮೀಟರ್ ಉಳೀತೈತಿ. ಹೇರಿ ನೋಡೇನಿ. ಎಂಟು ಮಂದಿಗೆ ಏನು ಅಂತ ನನಗ ಗೊತ್ತಿಲ್ಲ.”

ಹಿಂದೆಲ್ಲ ಅವನು “ಏನೂ ಆಗಂಗಿಲ್ಲ, ನಡಿ” ಎನ್ನುತ್ತಿದ್ದ. ನೀಲವ್ವ ಅವನ ಕಡೆ ಹೊರಳಿದಳು. ಆಮೇಲೆ, “ನಾಳೆ ಉಡಾಕ ಆ ಹಸರ ಸೀರಿ ತಗದಿಡು,” ಎಂದಳು.

ಸೋಮವಾರ ಬೆಳಿಗ್ಗೆ ಏಳು ಜನ ಹತ್ತಿ ಕೂತರು. ಚಾಲಕ ಗುಂಡಿ ಒತ್ತುವುದರಲ್ಲಿದ್ದ. ಅಷ್ಟರಲ್ಲಿ ಹೊಲಿಗೆಯ ಕೆಲಸದ ಹನಮವ್ವ ಒಬ್ಬಳೇ ಏದುಸಿರು ಬಿಡುತ್ತ ಬಂದಳು. ಮುಖ ಬಾತಿತ್ತು. ಕೈಯಲ್ಲಿ ಆಸ್ಪತ್ರೆಯ ಚೀಟಿ. ಅವಳಿಗೂ ಅದೇ ರೋಗ, ಇವತ್ತು ಮೊದಲ ಸಲದ ಡಯಾಲಿಸಿಸ್ ಎಂದು ಬರೆದಿತ್ತು.

ಎಲ್ಲರೂ ದ್ಯಾಮಣ್ಣನ ಕಡೆ ನೋಡಿದರು. ಒಬ್ಬಳಲ್ಲವೇ, ಬಡಕಲು ಹೆಂಗಸು, ಹತ್ತಲಿ ಎನ್ನಬಹುದಿತ್ತು. ಹನ್ನೊಂದು ಕಿಲೋಮೀಟರ್ ಮಿಗುತ್ತದಲ್ಲ. ಆದರೆ ಅವನು ಎಂಟು ಜನರನ್ನು ಹೇರಿ ನೋಡಿರಲಿಲ್ಲ. ನೋಡದ್ದನ್ನು ಆಗುತ್ತದೆ ಎನ್ನುವ ಬಾಯಿ ಅವನಿಗೆ ಉಳಿದಿರಲಿಲ್ಲ.

ಅವನು ಅಕ್ಕನ ಕೈ ಬಿಡಿಸಿಕೊಂಡು ಕೆಳಗಿಳಿದ.

“ಹತ್ತು, ಹನಮವ್ವಾ.”

“ತಮ್ಮಾ, ನೀ?” ಎಂದಳು ನೀಲವ್ವ. ಗಾಬರಿಯ ದನಿ. ಎರಡು ವರ್ಷದಲ್ಲಿ ಅವಳು ಅವನಿಲ್ಲದೆ ಒಮ್ಮೆಯೂ ಹೋದವಳಲ್ಲ.

“ನಾ ಇಲ್ಲೇ ಇರ್ತೀನಿ, ಅಕ್ಕಾ. ಆಕೀಗೆ ಹೊಸದು. ಸೂಜಿ ಚುಚ್ಚುವಾಗ ಆಕಿ ಕೈ ನೀ ಹಿಡ್ಕೋ.”

ಗಾಡಿ ಸದ್ದಿಲ್ಲದೆ ಹೊರಟಿತು.

ಮಧ್ಯಾಹ್ನ ಊಟ ಮುಗಿಸಿದ್ದೇ ದ್ಯಾಮಣ್ಣ ಏರಿನ ತಲೆಗೆ ಹೋಗಿ ನಿಂತ. ಬಿಸಿಲು ಗುರುವಾರದಷ್ಟೇ ಇತ್ತು. ಮೂರು ಗಂಟೆ ದಾಟಿತು. ಕೆಳಗೆ ಮೊದಲ ತಿರುವಿನಲ್ಲಿ ಬಿಳಿಯ ಚುಕ್ಕೆ ಕಂಡಿತು. ಎರಡನೆಯ ತಿರುವು. ಮೂರನೆಯ ತಿರುವಿನಲ್ಲಿ ಬಂಡೆಯ ಮರೆಗೆ ಹೋಯಿತು. ಅವನು ಎರಡು ಹೆಜ್ಜೆ ಕೆಳಗಿಳಿದ. ಆಚೆಯಿಂದ ಹೊರಬಂತು. ನಾಲ್ಕು, ಐದು, ಆರು. ಏಳನೆಯ ತಿರುವು ಸುತ್ತಿ ಗಾಡಿ ಅವನ ಪಕ್ಕದಲ್ಲೇ ನಿಂತಿತು.

ಕಿಟಕಿಗೆ ತಲೆಯಾನಿಸಿ ನೀಲವ್ವ ನಿದ್ದೆ ಮಾಡುತ್ತಿದ್ದಳು. ಅವಳ ಹೆಗಲ ಮೇಲೆ ತಲೆಯಿಟ್ಟು ಹನಮವ್ವನೂ ನಿದ್ದೆ ಹೋಗಿದ್ದಳು.

“ಎಷ್ಟು ಉಳದೈತೋ?” ಎಂದು ಪಿಸುಮಾತಿನಲ್ಲಿ ಕೇಳಿದ ದ್ಯಾಮಣ್ಣ.

“ಒಂಬತ್ತ್ರಿ,” ಎಂದ ಚಾಲಕ. “ನೀವೂ ಹತ್ರಿ, ಊರು ಇಲ್ಲೇ ಐತಿ.”

“ಬ್ಯಾಡ. ನಡಿ, ನಾ ನಡಕೊಂಡು ಬರ್ತೀನಿ. ಅವರನ್ನ ಎಬ್ಬಿಸಬ್ಯಾಡ.”

ನೀತಿ: ಗುಣವನ್ನಷ್ಟೇ ಹೇಳಿ ಮಾರುವವನೂ, ದೋಷವನ್ನಷ್ಟೇ ಹೇಳಿ ಹೆದರಿಸುವವನೂ ಒಂದೇ ಜಾತಿಯ ವಂಚಕರು. ಗಾಡಿಯಾಗಲಿ, ಯಂತ್ರವಾಗಲಿ, ಅದರ ಬೆಲೆ ಗೊತ್ತಾಗುವುದು ಕಂಪನಿಯ ರಸ್ತೆಯಲ್ಲಲ್ಲ, ನಮ್ಮ ಏರಿನಲ್ಲಿ, ನಮ್ಮ ಹೇರಿನೊಂದಿಗೆ. ಅದನ್ನು ಕೇಳುವುದು ಕೊಳ್ಳುವವನ ಜಾಣತನ. ಕೇಳದಿದ್ದರೂ ಹೇಳುವುದು ಗೊತ್ತಿದ್ದವನ ಧರ್ಮ. ಇನ್ನೊಬ್ಬರ ಜೀವದ ವಿಷಯದಲ್ಲಿ “ನೀವು ಕೇಳಲಿಲ್ಲ” ಎಂಬುದು ಉತ್ತರವಲ್ಲ, ತಪ್ಪೊಪ್ಪಿಗೆ.